ಎಷ್ಟು ಹಳ್ಳಿ ಮುಗಿಸಿದ್ರಿ ಅಂತ ಕೇಳುವವರಿಗೆ

ಏಳು.

ಹನ್ನೊಂದು ವರ್ಷಕ್ಕೆ ಏಳು ಹಳ್ಳಿಯಲ್ಲಿ ಕುಡಿಯುವ ನೀರಿನ ಕೆಲಸ. ಎಲ್ಲವೂ ರಾಯಚೂರು ಜಿಲ್ಲೆಯವೇ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಚೇರಿಗಳಲ್ಲಿ ಎಲ್ಲರೂ ಕೇಳುವುದು ಇದನ್ನೇ: "ಎಷ್ಟು ಹಳ್ಳಿ ಮುಗಿಸಿದ್ರಿ ಮೇಡಂ?" ಏಳು ಅಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. "ಏಳೇನಾ?" ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಿ ಅಂತೀನಿ.

ಮೊದಲು, ಆ "ಮುಗಿಸಿದ್ರಿ" ಅನ್ನುವ ಮಾತು ನನಗೆ ಸೇರುವುದಿಲ್ಲ. ಕಳೆ ಕೀಳುವುದು ಮುಗಿಯುತ್ತದೆ. ಊಟ ಮುಗಿಯುತ್ತದೆ. ಹಳ್ಳಿ ಹೇಗ್ರೀ ಮುಗಿಯುತ್ತದೆ?

ನಮ್ಮ ಕೆಲಸ ಕುಡಿಯುವ ನೀರಿನದು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವೆ ಇರುವ ನಮ್ಮ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಜಾಸ್ತಿ ಆದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಕಾಯಿಸಿ ಕುಡಿದರೆ ಆಯ್ತಲ್ಲ ಅನ್ನುವವರಿದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ.

ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ಟೇಪು ಕತ್ತರಿಸಿದರು, ಫೋಟೊ ತೆಗೆಸಿಕೊಂಡರು. ನಾವು ಲಿಂಗಸುಗೂರು ತಾಲ್ಲೂಕಿನ ಆ ಮೊದಲ ಊರಿಗೆ ಹೋದಾಗ ಅಲ್ಲಿನ ಘಟಕಕ್ಕೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ನೀರು ಸೋಸುವ ಪೊರೆ, ಮೆಂಬ್ರೇನ್, ಕಟ್ಟಿಕೊಂಡಿತ್ತು. ನಾಣ್ಯ ಹಾಕುವ ಪೆಟ್ಟಿಗೆಯೊಳಗೆ ಐದು ರೂಪಾಯಿ ಬದಲು ಯಾರೋ ಹಾಕಿದ ಕಬ್ಬಿಣದ ವಾಷರ್ ಸಿಕ್ಕಿಕೊಂಡಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಮೂರು ಹೆಸರು ಹೇಳಿದರು. ಮೂವರ ಹತ್ತಿರವೂ ಇರಲಿಲ್ಲ.

ಆ ಊರಿನ ಮಹಿಳಾ ಸಂಘದ ಅಕ್ಕ ಒಬ್ಬರು ಅವತ್ತು ಒಂದು ಮಾತು ಹೇಳಿದರು: "ಸಂಘದಾಗ ವಾರಾ ವಾರಾ ರೊಕ್ಕ ಕಟ್ಟತೀವಲ್ರೀ, ಹಂಗ ಈ ಮಷೀನಿಗೂ ಕಟ್ಟಿಟ್ರ?" ಅಷ್ಟೇ. ಇಪ್ಪತ್ತು ಲೀಟರಿನ ಒಂದು ಕ್ಯಾನಿಗೆ ಐದು ರೂಪಾಯಿ. ಅದರಲ್ಲಿ ಒಂದು ರೂಪಾಯಿ ತೆಗೆದು ಬೇರೆ ಖಾತೆಗೆ. ಮೆಂಬ್ರೇನ್ ಹೋದ ದಿನ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ನಾಣ್ಯದ ಪೆಟ್ಟಿಗೆ ಕಿತ್ತು ಹಾಕಿ ಒಬ್ಬ ಅಕ್ಕನನ್ನೇ ಕೂರಿಸಿದರು. ಹೊಸ ಆಲೋಚನೆ ಅಂತ ಹೇಳುವುದಾದರೆ ಇದೇ. ಅದು ನನ್ನದಲ್ಲ, ಅವರದು.

ನಾವು ಮಾಡಿದ್ದು ಇಬ್ಬರು ಅಕ್ಕಂದಿರಿಗೆ ಹದಿನೆಂಟು ತಿಂಗಳು ಸಂಬಳ ಕೊಟ್ಟಿದ್ದು, ಮೋಟಾರು, ಪೈಪು, ವೈರಿಂಗ್ ಕಲಿಸಿದ್ದು. ಆ ಸಂಬಳದ ದುಡ್ಡು ಹೊಂದಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಮಷೀನಿಗೆ ದುಡ್ಡು ಕೊಡುವವರು ಎಷ್ಟು ಬೇಕಾದರೂ ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ಲ. ಮಷೀನು ನಡೆಸುವವರ ಸಂಬಳಕ್ಕೆ ಕೊಡಿ ಅಂದರೆ ಎದ್ದು ನಿಲ್ಲುತ್ತಾರೆ.

ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ಒಂದು ಸಭೆ. ದುಡ್ಡು ಕೊಡುವ ಒಂದು ಕಂಪನಿಯವರು ಬಂದಿದ್ದರು. ನಾನು ಅರ್ಧ ಗಂಟೆ ಮಾತಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ನಿಮಗೆ ಗೊತ್ತೇ ಇದೆ. ಏಳು ಅಂದೆ. ಮುಂದಿನ ವರ್ಷ ನೂರು ಮುಗಿಸೋಕೆ ಆಗುತ್ತಾ ಅಂದರು. ನನ್ನ ಪಕ್ಕದಲ್ಲಿ ಆ ಮೊದಲ ಊರಿನ ಸಂಘದ ಅಕ್ಕ ಕೂತಿದ್ದರು. ಸೆರಗು ಸರಿ ಮಾಡಿಕೊಂಡು ಕೇಳಿದರು: "ಮುಗಸೂದಂದ್ರ ಏನ್ರೀ ಸರ? ನಮ್ಮೂರಾಗ ಮಂದಿ ಇನ್ನ ಅದಾರ." ಇಡೀ ಕೋಣೆ ನಕ್ಕಿತು. ಅಕ್ಕ ನಗಲಿಲ್ಲ. ದುಡ್ಡೂ ಬರಲಿಲ್ಲ.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಈ ಸಂಘ ಅನ್ನುವುದೇ ಎಲ್ಲಿಂದ ಬಂತು? 1980ರ ದಶಕದ ಮಧ್ಯದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದು ಬಿದ್ದವು. ಒಬ್ಬರನ್ನೊಬ್ಬರು ನಂಬುವ ಕೆಲವರು ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು, ಸಾಲವನ್ನು ಆ ಗುಂಪಿಗೇ ತೀರಿಸಲು ಒಪ್ಪಿಕೊಂಡರು. 1987ರಲ್ಲಿ ಹಳ್ಳಿಗಳ ಅಭಿವೃದ್ಧಿಗಿರುವ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಆ ಕೆಲಸಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ನೋಂದಣಿಯೇ ಇಲ್ಲದ ಗುಂಪಿಗೂ ಬ್ಯಾಂಕು ಖಾತೆ ತೆರೆಯಬಹುದು, ಸಾಲ ಕೊಡಬಹುದು ಅನ್ನುವ ದಾರಿ ಆಗಿದ್ದು 1991-92ರಲ್ಲಿ. 1992ರಲ್ಲಿ ನಬಾರ್ಡ್ ಬರೀ 500 ಗುಂಪುಗಳ ಗುರಿ ಇಟ್ಟುಕೊಂಡು ದೇಶದಲ್ಲಿ ಪ್ರಯೋಗ ಶುರು ಮಾಡಿತು. ಹೆಂಗಸರ ಸಂಘ ಕಟ್ಟುವ ನಮ್ಮ ರಾಜ್ಯದ ಸ್ತ್ರೀ ಶಕ್ತಿ ಯೋಜನೆ ಬಂದಿದ್ದು 2000-01ರಲ್ಲಿ. ಆ ಮೊದಲ ಗುಂಪುಗಳಿಂದ ಅಲ್ಲಿಗೆ ಹದಿನೈದು ವರ್ಷ ಆಯ್ತು ಅಲ್ವಾ? ನಡುವೆ ಯಾರಾದರೂ ಎಷ್ಟು ಮುಗಿಸಿದ್ರಿ, ಇಷ್ಟೇನಾ ಅಂತ ಕೈಬಿಟ್ಟಿದ್ದರೆ ಇವತ್ತು ನಮ್ಮೂರುಗಳಲ್ಲಿ ಸಂಘ ಎಲ್ಲಿರುತ್ತಿತ್ತು? ಗುಂಪು ಕಟ್ಟಿದ್ದು ದೊಡ್ಡದೇ. ಬ್ಯಾಂಕಿನ ನಿಯಮ ಬದಲಾಗಿದ್ದು ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು. ಕಟ್ಟಿದವರು ಬಿಟ್ಟು ಹೋದರೂ ನಿಯಮ ಉಳಿಯುತ್ತದೆ.

ಈ ಘಟಕಗಳಲ್ಲಿ ನೀರು ಸೋಸುವ ಆರ್‌ಒ ಮಷೀನಿನ ಮೇಲೆ ನನಗೇನೂ ಮೋಹ ಇಲ್ಲ. ಒಂದು ಕೊಡ ಒಳ್ಳೆ ನೀರು ಕೊಟ್ಟರೆ ಇನ್ನೊಂದು ಕೊಡದಷ್ಟಾದರೂ ಉಪ್ಪು ನೀರು ಹೊರಗೆ ಚೆಲ್ಲುತ್ತದೆ. ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ಪ್ರತಿ ಮನೆಗೂ ನದಿ ನೀರು ದಿನಾ ಬರುವ ಹಾಗಾದರೆ ಆ ಮಷೀನು ಬಿಚ್ಚಿ ಗುಜರಿಗೆ ಹಾಕಲು ನಾನೇ ಮೊದಲು ಹೋಗುತ್ತೇನೆ. ಆದರೆ ನಲ್ಲಿಗೂ ವಾಲ್ವ್ ಇರುತ್ತದೆ, ಪೈಪು ಒಡೆಯುತ್ತದೆ, ಲೆಕ್ಕ ಇಡಬೇಕಾಗುತ್ತದೆ. ಆ ಇಬ್ಬರು ಅಕ್ಕಂದಿರು ಕಲಿತಿದ್ದು ಅದಕ್ಕೂ ಬರುತ್ತದೆ.

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಎಷ್ಟೋ ಸಲ ಅನಿಸಿದೆ. ಹೋದ ಬೇಸಿಗೆಯಲ್ಲಿ ಒಬ್ಬರು ಕೇಳಿದರು. ಪಕ್ಕದ ಊರಿನ ಅಜ್ಜ. ಹಲ್ಲೆಲ್ಲ ಕಂದು. ಮೊಮ್ಮಗನನ್ನು ಕರೆದುಕೊಂಡು ಬೆಳಿಗ್ಗೆ ಆರು ಗಂಟೆಗೇ ಘಟಕದ ಮುಂದೆ ನಿಂತಿದ್ದರು. ಅಕ್ಕ ಆಗ ನೀರು ಪರೀಕ್ಷೆ ಮಾಡುತ್ತಿದ್ದರು. ಟಿಡಿಎಸ್ ಮೀಟರು ನೀರಿನ ಒಟ್ಟು ಲವಣ ತೋರಿಸುತ್ತದೆ, ಫ್ಲೋರೈಡ್ ಎಷ್ಟಿದೆ ಅಂತ ಹೇಳುವುದಿಲ್ಲ. ಅದಕ್ಕೆ ಬೇರೆ ಕಿಟ್ ಇದೆ. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ತಗೊಂಡು ದ್ರಾವಣದ ಹನಿ ಹಾಕಿ ಬೆಳಕಿಗೆ ಹಿಡಿದರು. ಗುಲಾಬಿ ಬಣ್ಣ ಹಾಗೇ ನಿಂತಿತು. ಹಳದಿಗೆ ತಿರುಗಿದ್ದರೆ ಫ್ಲೋರೈಡ್ ಜಾಸ್ತಿ ಅಂತ ಅರ್ಥ.

ಅಜ್ಜ ಅದನ್ನೆಲ್ಲ ನೋಡಿ ಕೇಳಿದರು: "ಮೋಟಾರ ಸುಟ್ರ ಯಾರ್ ಬರ್ತಾರವ್ವ?"

"ನಾನ ಬರ್ತೀನಿ," ಅಂದರು ಅಕ್ಕ.

ಹನ್ನೊಂದು ವರ್ಷದಲ್ಲಿ ಇಂಥ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು. ಅಜ್ಜ ಮೊಮ್ಮಗನ ಕಡೆ ತಿರುಗಿ, ಅಕ್ಕನ ನಂಬರು ಬರಕೋ ಅಂದರು. ಹುಡುಗನ ಹತ್ತಿರ ಕಾಗದ ಇರಲಿಲ್ಲ. ಅಂಗೈ ಮೇಲೆ ಬರೆದುಕೊಂಡ.