ಮುಟ್ಟಿಗೆ ಎರಡು ವಾರ ಮೊದಲೇ ಹೊಟ್ಟೆನೋವು: ಮೆಫ್ಟಾಲ್ ತಗೋಬಹುದಾ?

ರಕ್ತ ಬೇಗ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇರುವವರು, ಅಂಥದ್ದೇ ಕಾಯಿಲೆಯಾದ ಹಿಮೋಫಿಲಿಯಾದ ಜೀನ್ ಹೊತ್ತ ಕ್ಯಾರಿಯರ್‌ಗಳು, ಅವರ ಅಮ್ಮಂದಿರು ಪದೇ ಪದೇ ಕೇಳುವುದು ಇದನ್ನೇ.

ಬೇಡ. ಜಯನಗರವಾಗಲಿ ಯಲಹಂಕವಾಗಲಿ, ಮೆಡಿಕಲ್ ಶಾಪಿನಲ್ಲಿ ಮುಟ್ಟಿನ ನೋವು ಅಂದರೆ ಸಾಮಾನ್ಯವಾಗಿ ಕೊಡುವುದು ಮೆಫ್ಟಾಲ್ ಸ್ಪಾಸ್. ಅದರಲ್ಲಿರುವ ಮೆಫೆನಾಮಿಕ್ ಆಸಿಡ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತದೆ. ಡೈಕ್ಲೋಫೆನಾಕ್, ಆಸ್ಪಿರಿನ್, ಬ್ರೂಫೆನ್ ಕೂಡ ಹಾಗೇ. ಕಾಂಬಿಫ್ಲಾಮ್‌ನಲ್ಲೂ ಬ್ರೂಫೆನ್ ಇದೆ, ಗೊತ್ತಿರಲಿ. ಲಿವರ್ ಸರಿಯಿರುವ ದೊಡ್ಡವರು ಡೋಲೋ 650 ಅನ್ನು 6 ಗಂಟೆಗೊಮ್ಮೆ ಒಂದರಂತೆ, ದಿನಕ್ಕೆ ನಾಲ್ಕು ಮೀರದಂತೆ ತೆಗೆದುಕೊಳ್ಳಬಹುದು.

ಆದರೆ ಇಲ್ಲಿ ನೋವಿಗಿಂತ ರಕ್ತಸ್ರಾವದ್ದೇ ಚಿಂತೆ. ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡ ಹೊರಬರುವಾಗ ಅಂಡಾಶಯದ ಮೇಲೆ ಸಣ್ಣ ಗಾಯವಾಗುತ್ತದೆ. ಉಳಿದವರಲ್ಲಿ ಅದು ಬೇಗ ಹೆಪ್ಪುಗಟ್ಟಿ ನಿಲ್ಲುತ್ತದೆ, ನೋವೂ ಒಂದೆರಡು ದಿನದಲ್ಲಿ ಹೋಗುತ್ತದೆ. ಇವರಲ್ಲಿ ರಕ್ತ ಒಳಗೇ ತುಂಬಿ ಸಿಸ್ಟ್ (ರಕ್ತ ತುಂಬಿದ ಚೀಲ) ಆಗಬಹುದು, ಅದು ಒಡೆದರೆ ಹೊಟ್ಟೆಯೊಳಗೆಲ್ಲ ಹರಡಬಹುದು. ಹೀಗಾಗಿಯೇ ರಕ್ತರೋಗ ತಜ್ಞರಾದ ಹೆಮಟಾಲಜಿಸ್ಟ್‌ಗಳು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬರೆದುಕೊಡುವುದು: ಸಾಮಾನ್ಯವಾಗಿ 500 ಮಿಲಿಗ್ರಾಂನ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ಹೆಚ್ಚೆಂದರೆ 5 ದಿನ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ, ಹಿಂದೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಕೇಳದೆ ಮುಟ್ಟಬೇಡಿ.

ಪ್ರತಿ ತಿಂಗಳೂ ಇದೇ ಪಾಡಾದರೆ ಅಂಡ ಬಿಡುಗಡೆಯನ್ನೇ ನಿಲ್ಲಿಸಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ನಡುವೆ ಬಿಡುವಿಲ್ಲದೆ ಕೊಡುವುದುಂಟು. ಅದು ಒಗ್ಗದವರಿಗೆ ಈಸ್ಟ್ರೋಜನ್ ಇಲ್ಲದ ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ ಮಾತ್ರೆ. "ಮದುವೆಯಾಗದ ಹುಡುಗಿಗೆ ಪಿಲ್ಸ್ ಯಾಕೆ?" ಎಂದು ಮನೆಯಲ್ಲಿ ತಕರಾರು ಬಂದೇ ಬರುತ್ತದೆ. ರಕ್ತ ನಿಲ್ಲಿಸಲಿಕ್ಕೆ, ಅಷ್ಟೇ. ಮುಂದೆ ಮಗುವಾಗಲು ಅದರಿಂದ ತೊಂದರೆಯಿಲ್ಲ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮಿರೆನಾ ಹಾಕಿಸಿಕೊಂಡರೂ ಈ ನೋವು ಹೋಗಲಿಲ್ಲ ಎನ್ನುವವರೂ ಇದ್ದಾರೆ. ಅದು ಮುಟ್ಟಿನ ಸ್ರಾವಕ್ಕೆ ಒಳ್ಳೆಯದು, ಅಂಡ ಬಿಡುಗಡೆಯನ್ನು ಮಾತ್ರ ಹೆಚ್ಚಿನವರಲ್ಲಿ ತಡೆಯುವುದಿಲ್ಲ.

ನೋವು ಏರುತ್ತಲೇ ಹೋದರೆ, ಹೊಟ್ಟೆ ಉಬ್ಬಿದರೆ, ಭುಜದ ತುದಿ ನೋಯತೊಡಗಿದರೆ, ತಲೆ ಸುತ್ತಿದರೆ 108ಕ್ಕೆ ಕರೆ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಹತ್ತುವ ಸಾಹಸ ಬೇಡ. ಕಾಯಿಲೆಯ ಹೆಸರು, ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮಟ್ಟ, ಯಾವ ಔಷಧಿ ಎಷ್ಟು ಎಂದು ಹೆಮಟಾಲಜಿಸ್ಟ್ ಬರೆದುಕೊಟ್ಟ ಪತ್ರ ಬ್ಯಾಗಿನಲ್ಲೇ ಇರಲಿ. ಪ್ರೆಗ್ನೆನ್ಸಿ ಟೆಸ್ಟ್, ಸ್ಕ್ಯಾನ್ ಆಗಬೇಕು. ಹಿಮೋಗ್ಲೋಬಿನ್ ಮೊದಲ ಸಲ ಸರಿಯಾಗೇ ಕಾಣಬಹುದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡಲು ಹೇಳಿ. ಸೊಂಟಕ್ಕೆ ಇಂಜೆಕ್ಷನ್ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ. ಬಲಗಡೆ ನೋವಾದರೆ ಅಪೆಂಡಿಕ್ಸ್ ಎಂದುಕೊಂಡು ಆಪರೇಷನ್‌ಗೆ ಹೊರಡುವ ಸಾಧ್ಯತೆ ಇದೆ. ಅದಕ್ಕೂ ಮೊದಲು ಫ್ಯಾಕ್ಟರ್ ಕೊಡುವ ಮಾತಾಗಬೇಕು.

ಮಗು ಬೇಕೆಂದು ಪಿಲ್ಸ್ ಬಿಡುವವರು, ಬಿಡುವ ಮೊದಲೇ ಹೆಮಟಾಲಜಿಸ್ಟನ್ನು ಕಾಣಿ. ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ, ಆ ದಿನಗಳಿಗೆ ಯಾವ ಔಷಧಿ ಎಂಬುದು ಆಗಲೇ ತೀರ್ಮಾನವಾಗಿರಬೇಕು.