ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್: ಮೂರನೆಯ ವಾರದ ದಾಖಲೆ

ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿರುವ ಡೆಸ್ಕ್‌ಟಾಪಿಗೆ ಈ ವಾರ ಹೊಸ ಪ್ರೊಸೆಸರ್ ಕೂರಿಸಿದ್ದಾಯಿತು. 2018ರ ಕೊನೆಯಲ್ಲಿ ಬಿ450 ಮದರ್‌ಬೋರ್ಡಿನ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕ) ಜೊತೆ ಕೊಂಡಿದ್ದ ರೈಜೆನ್ 5 1600 ಇಷ್ಟು ವರ್ಷ ನನ್ನ ಯಕ್ಷಗಾನ ವಿಡಿಯೊಗಳ ಸಂಕಲನಕ್ಕೆ ಸಾಕಾಗಿತ್ತು. ಆದರೆ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿ ಅದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಇಡೀ ಯಂತ್ರವನ್ನು ಬಿಸಾಡುವ ಬದಲು ಅದೇ ಎಎಂ4 ಸಾಕೆಟ್ಟಿನಲ್ಲಿ (ಬೋರ್ಡಿನಲ್ಲಿ ಪ್ರೊಸೆಸರಿಗಿರುವ ಜಾಗ) ಕೂರುವ, 2022ರಲ್ಲಿ ಬಂದ ರೈಜೆನ್ 5 5600 ಹಾಕುವುದೆಂದು ಮೊದಲ ವಾರವೇ ತೀರ್ಮಾನಿಸಿದ್ದೆ. ಕೊಳ್ಳುವ ಮೊದಲು ಓದುವ ವಿಮರ್ಶೆಗಳನ್ನು ಎಷ್ಟು ನಂಬಬೇಕೆಂಬ ಪ್ರಶ್ನೆಯೂ ಜೊತೆಗಿತ್ತು.

ಸಾಕೆಟ್ಟಿನಲ್ಲಿ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಬಿ450 ಸೇರಿದಂತೆ 400 ಸರಣಿಯ ಬೋರ್ಡುಗಳಿಗೆ ಮುಂದಿನ ಪೀಳಿಗೆಯ (5600 ಆ ಪೀಳಿಗೆಯದೇ) ಪ್ರೊಸೆಸರ್ ಹೊಂದುವುದಿಲ್ಲವೆಂದು ರೈಜೆನ್ ತಯಾರಕ ಎಎಂಡಿ 2020ರ ಮೇ ತಿಂಗಳಲ್ಲಿ ಹೇಳಿತ್ತು. ಬಯಾಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಇರುವ ಚಿಪ್ಪಿನಲ್ಲಿ ಜಾಗ ಸಾಲದೆಂಬುದು ಕೊಟ್ಟ ಕಾರಣ. ಬಳಕೆದಾರರು ಗಟ್ಟಿಯಾಗಿ ಪ್ರತಿಭಟಿಸಿದ ಮೇಲೆ ಅದೇ ತಿಂಗಳಲ್ಲಿ ಮಾತು ಬದಲಾಯಿಸಿ ಬೆಂಬಲ ಕೊಡಲು ಒಪ್ಪಿತು. ಆ ಒಪ್ಪಿಗೆಯಿಂದಲೇ ನನ್ನ ಬೋರ್ಡು ಇಂದು ಬದುಕಿದೆ. ಎಸ್.ಪಿ. ರಸ್ತೆಯ ಅಂಗಡಿಯವರು ಪೆಟ್ಟಿಗೆಯನ್ನು ಕೈಗೆ ಕೊಡುವ ಮೊದಲೇ, "ಸಾರ್, ಹಳೇ ಪ್ರೊಸೆಸರ್ ತೆಗೆಯೋಕ್ ಮುಂಚೆನೇ ಬಯಾಸ್ ಅಪ್‌ಡೇಟ್ ಮಾಡ್ಕೊಳಿ, ಇಲ್ಲಾಂದ್ರೆ ಡಿಸ್‌ಪ್ಲೇನೇ ಬರಲ್ಲ" ಎಂದು ಎರಡು ಸಲ ಹೇಳಿ ಕಳುಹಿಸಿದರು. ಈ ಬದಲಾವಣೆಯುದ್ದಕ್ಕೂ ನನಗೆ ಸಿಕ್ಕ ಅತಿ ಉಪಯುಕ್ತ ಸಲಹೆ ಅದು.

ಬಯಾಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಹೋದೀತೆಂಬ ಭಯದಿಂದ, ಸಂಜೆಯ ಮಳೆಗಾಲದ ಹೊತ್ತನ್ನು ಬಿಟ್ಟು ಬೆಳಗಿನ ಐದೂವರೆಗೆ ಯುಪಿಎಸ್ ಪೂರ್ತಿ ಚಾರ್ಜ್ ಆಗಿರುವುದನ್ನು ನೋಡಿಕೊಂಡು ಕುಳಿತೆ. ನನ್ನ ಬೋರ್ಡಿನ ವಿಷಯದಲ್ಲಿ ನೇರವಾಗಿ ಕೊನೆಯ ಆವೃತ್ತಿಗೆ ಹಾರುವಂತಿಲ್ಲ, ನಡುವೆ ಒಂದು ಆವೃತ್ತಿಯನ್ನು ಹಾಕಿಯೇ ಮುಂದೆ ಹೋಗಬೇಕೆಂದು ತಯಾರಕರ ಸೂಚನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎರಡೂ ಸೇರಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಎಡವಿದ್ದು ಅದರ ನಂತರ. ಯಂತ್ರವನ್ನು ಆರಿಸಿ, ತಿಂಡಿ ಮುಗಿಸಿ ಬಂದು, ಕೂಲರಿನ ಸ್ಕ್ರೂಗಳನ್ನು ಬಿಚ್ಚಿ ನೆಟ್ಟಗೆ ಮೇಲಕ್ಕೆ ಎಳೆದೆ. ಒಣಗಿ ಅಂಟಾಗಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ) ಪ್ರೊಸೆಸರನ್ನೂ ಕಿತ್ತುಕೊಂಡು ಬಂತು. ಎಎಂ4ನಲ್ಲಿ 1331 ಪಿನ್ನುಗಳೂ ಇರುವುದು ಪ್ರೊಸೆಸರಿನ ಅಡಿಯಲ್ಲಿ, ಬೋರ್ಡಿನಲ್ಲಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಸಾಲುಸಾಲಾಗಿ ಓರೆಗಣ್ಣಿನಿಂದ ನೋಡಿದಾಗ ಒಂದು ಮೂಲೆಯಲ್ಲಿ ಮೂರು ಪಿನ್ನುಗಳು ಗಾಳಿಗೆ ಬಾಗಿದ ರಾಗಿ ಪೈರಿನಂತೆ ಒಂದೇ ಕಡೆಗೆ ವಾಲಿದ್ದವು. ಮೆಕ್ಯಾನಿಕಲ್ ಪೆನ್ಸಿಲಿನ ಕಡ್ಡಿ ತೆಗೆದು, ಅದರ ಟೊಳ್ಳು ತುದಿಯನ್ನು ಒಂದೊಂದೇ ಪಿನ್ನಿನ ಮೇಲೆ ಇಳಿಸಿ, ಕೂದಲೆಳೆಯಷ್ಟು ಬಗ್ಗಿಸುವುದು, ಮತ್ತೆ ಬೆಳಕಿಗೆ ಹಿಡಿಯುವುದು, ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಆ ಪ್ರೊಸೆಸರ್ ನನ್ನ ಅಕ್ಕನ ಮಗನ ಯಂತ್ರಕ್ಕೆ ಹೋಗಬೇಕಾದದ್ದರಿಂದ ಅದನ್ನು ಉಳಿಸಿಕೊಳ್ಳಲೇಬೇಕಿತ್ತು. ಹತ್ತು ನಿಮಿಷ ಯಂತ್ರಕ್ಕೆ ಕೆಲಸ ಕೊಟ್ಟು ಪೇಸ್ಟ್ ಬಿಸಿಯಾಗಿರುವಾಗಲೇ ಆರಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ಸಡಿಲಿಸಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಹೊಸದು ಮೊದಲ ಸಲಕ್ಕೇ ಡಿಸ್‌ಪ್ಲೇ ಕೊಟ್ಟಿತು. ಒಂದು ತಾಳಮದ್ದಲೆಯ ರೆಕಾರ್ಡಿಂಗನ್ನು ಸಂಕಲನದ ನಂತರ ಅಂತಿಮ ವಿಡಿಯೊ ಕಡತವಾಗಿ ಹೊರತೆಗೆಯಲು ಮೊದಲು 41 ನಿಮಿಷ ಬೇಕಾಗುತ್ತಿತ್ತು, ಈಗ ಅದೇ ಕಡತಕ್ಕೆ 25 ನಿಮಿಷ ಸಾಕು.

ಇನ್ನು ಗ್ರಾಫಿಕ್ಸ್ ಕಾರ್ಡು. ವಿಮರ್ಶೆಗಳನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ನಿಜವಾಗಿ ಕಾಡಿದ್ದು ಇಲ್ಲಿ. ಕಡಿಮೆ ಬೆಲೆಗೆ ಸಿಗುತ್ತದೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ಕೊಳ್ಳುವ ಹಂತಕ್ಕೆ ಬಂದಿದ್ದೆ. ನಾನು ನೋಡಿದ ಮೊದಲ ಎರಡು ವಿಮರ್ಶೆಗಳ ಅಂಕಿಗಳೂ ತಕ್ಕಮಟ್ಟಿಗೆ ಚೆನ್ನಾಗಿದ್ದವು. ಆ ಅಂಕಿಗಳು ಸುಳ್ಳಲ್ಲ, ಆದರೆ ಅವನ್ನು ಅಳೆದದ್ದು ಪಿಸಿಐಇ 4.0 (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿಯ ನಾಲ್ಕನೆಯ ಪೀಳಿಗೆ) ಇರುವ ಹೊಸ ಬೋರ್ಡಿನ ಮೇಲೆ. ಆ ಕಾರ್ಡಿಗೆ ಇರುವುದು ಆ ದಾರಿಯ ನಾಲ್ಕೇ ಲೇನು (ಸಾಲು), ಬಿ450 ಬೋರ್ಡಿನಲ್ಲಿ ಸಿಗುವುದು ಪಿಸಿಐಇ 3.0, ಅಂದರೆ ಪ್ರತಿ ಲೇನಿಗೂ ಅರ್ಧ ವೇಗ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ, ಮಾಹಿತಿ ಆ ಇಕ್ಕಟ್ಟಿನ ದಾರಿಯಲ್ಲಿ ಓಡಾಡಬೇಕಾಗಿ ಬಂದಾಗ ಕಾರ್ಡಿನ ವೇಗ ಕುಸಿಯುತ್ತದೆ. ಮೂರನೆಯ ವಿಮರ್ಶಕರೊಬ್ಬರು ಎರಡೂ ಬಗೆಯ ಬೋರ್ಡುಗಳಲ್ಲಿ ಅಳೆದು ತೋರಿಸಿದ್ದರಿಂದ ನನಗೆ ಇದು ತಿಳಿಯಿತು. ಅಗ್ಗದ ಕಾರ್ಡನ್ನು ಹುಡುಕುವವರಲ್ಲಿ ಹೆಚ್ಚಿನವರ ಬಳಿ ಇರುವುದು ಹಳೆಯ ಬೋರ್ಡೇ ಆದ್ದರಿಂದ, ಆ ಅಳತೆ ಪ್ರತಿ ವಿಮರ್ಶೆಯಲ್ಲೂ ಇರಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ. ಇದಲ್ಲದೆ ಆ ಕಾರ್ಡಿನಲ್ಲಿ ವಿಡಿಯೊ ಎನ್‌ಕೋಡರ್ (ವಿಡಿಯೊವನ್ನು ಸಂಕುಚಿಸಿ ಕಡತವಾಗಿಸುವ ಭಾಗ) ಇಲ್ಲವೇ ಇಲ್ಲ. ಆಟಗಳ ಫ್ರೇಮುಗಳನ್ನಷ್ಟೇ ಎಣಿಸುವ ವಿಮರ್ಶೆಯಲ್ಲಿ ಈ ಕೊರತೆ ಕಾಣುವುದಿಲ್ಲ, ನನ್ನ ಕೆಲಸಕ್ಕೋ ಎನ್‌ಕೋಡರೇ ಮುಖ್ಯ. ಹಾಗಾಗಿ ಈಗ ಎಂಟು ಲೇನು, 8 ಜಿಬಿ ಮೆಮೊರಿ, ಎನ್‌ಕೋಡರ್ ಮೂರೂ ಇರುವ ಆರ್‌ಎಕ್ಸ್ 6600 ಕಡೆಗೆ ತಿರುಗಿದ್ದೇನೆ.

ಎಸ್‌ಎಸ್‌ಡಿಯ (ಕಡತಗಳನ್ನು ಉಳಿಸಿಡುವ ಡ್ರೈವು) ವಿಷಯದಲ್ಲಿ ವಿಮರ್ಶೆಯ ತಾರೀಖನ್ನೂ ನೋಡಬೇಕಾಗುತ್ತದೆ. ಕ್ರೂಷಿಯಲ್ ಪಿ2 ಎಂಬ ಡ್ರೈವು ಬಂದಾಗ ಅದರೊಳಗೆ ಟಿಎಲ್‌ಸಿ ಎಂಬ ಬಗೆಯ ಮೆಮೊರಿ ಇತ್ತು. 2021ರ ಹೊತ್ತಿಗೆ ಅದೇ ಹೆಸರಿನಡಿ ನಿಧಾನಗತಿಯ ಕ್ಯೂಎಲ್‌ಸಿ ಬರತೊಡಗಿತು, ಹಳೆಯ ವಿಮರ್ಶೆಗಳು ಮಾತ್ರ ಹಾಗೆಯೇ ಉಳಿದವು. ಅದಕ್ಕೇ ಕಳೆದ ವಾರ ಕೊಂಡ ಡ್ರೈವಿಗೆ ಒಂದೇ ಸಮನೆ 180 ಜಿಬಿ ವಿಡಿಯೊ ಸುರಿದು, ವೇಗ ಎಲ್ಲಿ ಬೀಳುತ್ತದೆಂದು ನಾನೇ ಬರೆದಿಟ್ಟುಕೊಂಡೆ. ಪವರ್ ಸಪ್ಲೈ ಮೇಲಿನ 80 ಪ್ಲಸ್ ಮುದ್ರೆಯನ್ನೂ ಅದು ಹೇಳುವಷ್ಟಕ್ಕೇ ನಂಬಬೇಕು. ಅದು 23 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅಳೆದ ದಕ್ಷತೆಯನ್ನು ತಿಳಿಸುತ್ತದೆಯೇ ಹೊರತು ವಿದ್ಯುತ್ ಏರುಪೇರಿನಿಂದ ಯಂತ್ರಕ್ಕೆ ಕೊಡುವ ರಕ್ಷಣೆಯ ಗುಣಮಟ್ಟವನ್ನಲ್ಲ, ಏಪ್ರಿಲಿನಲ್ಲಿ ನಮ್ಮ ಮಹಡಿ ಕೋಣೆ 23 ಡಿಗ್ರಿ ಇರುವುದೂ ಇಲ್ಲ.

ಹೊಸ ಗ್ರಾಫಿಕ್ಸ್ ಕಾರ್ಡು ಹಿಡಿಸುತ್ತದೆಯೇ ಎಂದು ಕ್ಯಾಬಿನೆಟ್ಟಿನೊಳಗೆ ಟೇಪು ಹಿಡಿದು ನೋಡಿದಾಗ ಹಾರ್ಡ್ ಡಿಸ್ಕಿನ ಗೂಡಿನವರೆಗೆ 27 ಸೆಂಟಿಮೀಟರ್ ಜಾಗ ಸಿಕ್ಕಿತು. ಪವರ್ ಸಪ್ಲೈನಿಂದ ಬರುವ ಎಂಟು ಪಿನ್ನಿನ ಕೇಬಲ್ಲುಗಳಲ್ಲಿ ಒಂದು ಪ್ರೊಸೆಸರಿನದು, ಇನ್ನೊಂದು ಗ್ರಾಫಿಕ್ಸ್ ಕಾರ್ಡಿನದು. ಅದಲುಬದಲಾಗದಂತೆ ಎರಡಕ್ಕೂ ಚೀಟಿ ಅಂಟಿಸಿದ್ದೇನೆ. ಶನಿವಾರ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೊ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು, ಅಂಗಡಿಯವರು ಎತ್ತಿಟ್ಟಿರುವ ಕಾರ್ಡಿನ ಉದ್ದವನ್ನು ಪೆಟ್ಟಿಗೆ ತೆರೆಸಿ ಅಳೆದ ಮೇಲೆಯೇ ಹಣ ಕೊಡುತ್ತೇನೆ.