ತಿಳಿ ನೀರನ್ನೇ ಜಾಸ್ತಿ ಅನುಮಾನಿಸಬೇಕು

ಮುಚ್ಚಿಹೋದ ಗಣಿಗಳ ಕೆಳಗಿನ ಹಳ್ಳ, ನದಿಗಳ ನೀರಿನ ಸ್ಯಾಂಪಲ್ ತೆಗೆಯುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಮೊದಲು ಓಡುವುದು ಕಿತ್ತಳೆ ಬಣ್ಣದ ನೀರಿನ ಕಡೆಗೆ. ತಪ್ಪೇನಿಲ್ಲ ಬಿಡಿ. 2015ರಲ್ಲಿ ಅಮೆರಿಕದ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 1.1 ಕೋಟಿ ಲೀಟರ್ ನೀರು ನುಗ್ಗಿದಾಗಲೂ ಜನ ನೋಡಿದ್ದು ಹಳದಿಯಾದ ಆನಿಮಸ್ ನದಿಯ ಫೋಟೋವನ್ನೇ. ನಾನು ಮಾತ್ರ ಅವರನ್ನು ಇನ್ನೂ ಕೆಳಕ್ಕೆ, ನೀರು ತಿಳಿಯಾಗುವ ಕಡೆಗೆ ಕರೆದೊಯ್ಯುತ್ತೇನೆ.

ಗಣಿಯ ಕಲ್ಲಿನಲ್ಲಿರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿದರೆ ಸಲ್ಫ್ಯೂರಿಕ್ ಆಸಿಡ್ ಹುಟ್ಟುತ್ತದೆ. ಅದು ಸುತ್ತಲಿನ ಲೋಹಗಳನ್ನು ಕರಗಿಸಿ ಹೊರಗೆ ತರುತ್ತದೆ. ಮುಂದೆ ಒಳ್ಳೆಯ ನೀರು ಸೇರಿ ಪಿಎಚ್ (ಆಸಿಡ್ ಜಾಸ್ತಿಯಾದಷ್ಟೂ ಇಳಿಯುವ ಅಳತೆ; 7 ಅಂದರೆ ತಟಸ್ಥ) 3.5 ದಾಟಿತು ಅಂದರೆ ಕಬ್ಬಿಣ ತಳಕ್ಕಿಳಿಯಲು ಶುರು. ಆ ಕಿತ್ತಳೆ ಬಣ್ಣ ಅದರದೇ. ಸತು, ಕ್ಯಾಡ್ಮಿಯಂ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಪಿಎಚ್ 7ರಲ್ಲೂ ಕರಗಿಯೇ ಇರಬಲ್ಲವು. ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ಅಷ್ಟು ಕಣ್ಣಿಗೆ ಎಲ್ಲಿ ಕಾಣಬೇಕು?

ನದಿಯ ದಡದಲ್ಲೇ ಸೋಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಂದು ಬಾಟಲಿ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದು, ಇನ್ನೊಂದು ಹಾಗೇ ತುಂಬಿದ್ದು. ಸೋಸಿದ್ದು ಕರಗಿದ ಲೋಹದ ಲೆಕ್ಕಕ್ಕೆ, ಸೋಸದ್ದು ಒಟ್ಟು ಲೋಹದ ಲೆಕ್ಕಕ್ಕೆ. ಆಮೇಲೆ ಲೋಹ ಕರಗಿಯೇ ಉಳಿಯಲಿ ಎಂದು ಎರಡಕ್ಕೂ ನೈಟ್ರಿಕ್ ಆಸಿಡ್. ಲ್ಯಾಬಿಗೆ ಹೋಗಿ ಸೋಸಿದರಾಯ್ತು ಅನ್ನುವವರು ಇದ್ದೇ ಇರುತ್ತಾರೆ. ಅಷ್ಟರಲ್ಲಿ ಬಾಟಲಿಯೊಳಗೇ ಕಬ್ಬಿಣ ಇಳಿದು, ಬೇರೆ ಲೋಹಗಳನ್ನೂ ಜೊತೆಗೆ ಎಳೆದುಕೊಂಡಿರುತ್ತದೆ. ಸೋಸುವ ಮೊದಲೇ ಆಸಿಡ್ ಹಾಕಿದರೆ ಉಲ್ಟಾ: ಮಣ್ಣಿನ ಕಣಗಳೂ ಲೋಹ ಬಿಟ್ಟುಕೊಟ್ಟು, ಕರಗಿದ್ದರ ಲೆಕ್ಕ ಸುಮ್ನೆ ಏರುತ್ತದೆ.

ಗಂಟೆಯನ್ನೂ ಬರೆದುಕೊಳ್ಳಿ. ಆಸಿಡ್ ಅಂಶ ತಗ್ಗಿ ಪಿಎಚ್ 7ರ ಆಸುಪಾಸಿಗೆ ಬಂದ ಹಳ್ಳಗಳಲ್ಲಿ ಸತು ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ. ಬಿಸಿಲಿಗೆ ಪಾಚಿ ಚುರುಕಾಗಿ ಪಿಎಚ್ ಏರುತ್ತದೆ, ನೀರು ಬೆಚ್ಚಗಾಗುತ್ತದೆ, ಸತು ತಳದ ಕಲ್ಲು, ಪಾಚಿಗೆ ಅಂಟಿಕೊಳ್ಳುತ್ತದೆ. ಆಫೀಸ್ ಹೊತ್ತಿನಲ್ಲಿ ಮಾತ್ರ ಸ್ಯಾಂಪಲ್ ತೆಗೆದರೆ ವರದಿಯಲ್ಲಿ ನದಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅಲ್ವಾ? ಆರ್ಸೆನಿಕ್ ಮಾತ್ರ ಸಂಜೆಯ ಕಡೆಗೆ ಏರುತ್ತದೆ.

ಒಣಗಾಲ ಮುಗಿದು ಬರುವ ಮೊದಲ ಮಳೆಯನ್ನಂತೂ ಬಿಡಬೇಡಿ. ಕಲ್ಲುರಾಶಿಯ ಮೇಲೆ ಒಣಗಿ ಕೂತಿದ್ದ ಲೋಹದ ಉಪ್ಪೆಲ್ಲ ಒಟ್ಟಿಗೆ ಕರಗಿ ಬರುತ್ತದೆ.

ಕೆರೆಯಾದರೆ ತಳದ ನೀರೂ ಬೇಕು, ಹೂಳೂ ಬೇಕು. ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣ ಮತ್ತೆ ಕರಗಿ, ತಾನು ಹಿಡಿದಿಟ್ಟಿದ್ದ ಆರ್ಸೆನಿಕ್ ಅನ್ನು ನೀರಿಗೆ ಬಿಡುತ್ತದೆ. ಗಣಿಯಿಂದ ಹೊಸದಾಗಿ ಒಂದು ಹನಿ ಬರದಿದ್ದರೂ ಇದು ನಡೆಯುತ್ತಿರುತ್ತದೆ.